ನೂರ ಅರವತ್ತೆಂಟು ಗಂಟೆ

ಸಣ್ಣವಳಿಗೆ ದೊಡ್ಡವಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ದೊಡ್ಡವಳೆಂದರೆ ದೊಡ್ಡಪ್ಪನ ಮಗಳು, ಇವಳಿಗಿಂತ ಮೂರೇ ತಿಂಗಳು ಹಿರಿಯಳು. ಆ ಮೂರು ತಿಂಗಳ ತಪ್ಪಿಗೆ ಮಾತು ಬಂದಾಗಿನಿಂದ ‘ಅಕ್ಕ’ ಎನ್ನಬೇಕಾಗಿತ್ತು. ಈಗ ಇಬ್ಬರದೂ ಒಂದೇ ವಿಶ್ವವಿದ್ಯಾಲಯ, ಒಂದೇ ತರಗತಿ, ಒಂದೇ ಬಾಡಿಗೆ ಕೋಣೆ.

ಸಣ್ಣವಳು ಬೆಳಗಿನ ಜಾವ ಬೇಕರಿಯಲ್ಲಿ ಹಿಟ್ಟು ನಾದಿ, ಬ್ರೆಡ್ಡಿನ ತಟ್ಟೆಗಳನ್ನು ಒಲೆಗೆ ತಳ್ಳಿ, ತಲೆಗೂದಲಲ್ಲಿ ಮೈದಾ ಹೊತ್ತುಕೊಂಡೇ ತರಗತಿಗೆ ಓಡುತ್ತಿದ್ದಳು. ದೊಡ್ಡವಳದು ಗ್ರಂಥಾಲಯದ ಕೆಲಸ. ಫ್ಯಾನಿನ ಕೆಳಗೆ ಕೂತು ಪುಸ್ತಕಕ್ಕೆ ಮುದ್ರೆ ಒತ್ತುವುದೂ ಒಂದು ಕೆಲಸವೇ ಎಂದು ಸಣ್ಣವಳು ಮೂಗು ಮುರಿಯುತ್ತಿದ್ದಳು. ಫೋನ್ ಮಾಡಿದರೆ ಅಮ್ಮನದು ಒಂದೇ ರಾಗ: “ಅಕ್ಕನ್ನ ನೋಡು, ಓದೂ ಆಯ್ತು, ಕೆಲ್ಸಾನೂ ಆಯ್ತು, ಮುಖದಲ್ಲಿ ಕಳೆಯೂ ಇದೆ. ನಿಂಗೇನೇ ಬಂದಿರೋದು?”

ಬಂದದ್ದು ಪ್ರಯೋಗಾಲಯದ ವರದಿ. ಸೋಮವಾರದೊಳಗೆ ಕೊಡಬೇಕು, ಅರ್ಧವೂ ಬರೆದಾಗಿಲ್ಲ. ಕೊಡದಿದ್ದರೆ ಇಡೀ ವರ್ಷ ಹೋದಂತೆ. ಉಳಿದದ್ದು ಒಂದೇ ದಾರಿ, ವಿದ್ಯಾರ್ಥಿಗಳ ನೆರವಿನ ಕೋಣೆ. ಅಲ್ಲಿನ ಮೇಡಮ್ಮಿಗೆ ಹುಡುಗರು ‘ಗಡಿಯಾರದಮ್ಮ’ ಎಂದು ಹೆಸರಿಟ್ಟಿದ್ದರು. ಬಂದವರ ಕೈಗೆಲ್ಲ ಆಕೆ ಒಂದು ಹಾಳೆ ಕೊಡುತ್ತಿದ್ದರು. ವಾರದ ಏಳು ದಿನ, ದಿನಕ್ಕೆ ಇಪ್ಪತ್ನಾಲ್ಕು ಮನೆ. ಯಾವ ಗಂಟೆ ಎಲ್ಲಿ ಹೋಯಿತೆಂದು ತುಂಬಬೇಕು. ಒಟ್ಟು ನೂರ ಅರವತ್ತೆಂಟು ಬರದಿದ್ದರೆ ಮುದ್ರೆಯಿಲ್ಲ, ಮುದ್ರೆಯಿಲ್ಲದೆ ಹತ್ತು ದಿನದ ಹೆಚ್ಚಿನ ಗಡುವಿಲ್ಲ.

ಹಾಳೆ ಹಿಡಿದು ಕೋಣೆಗೆ ಬಂದರೆ ಅಕ್ಕನ ಮೇಜಿನ ಮೇಲೂ ಅಂಥದೇ ಒಂದು, ತುಂಬಿಟ್ಟದ್ದು. ನಿದ್ದೆ ಎಂಟು ಗಂಟೆ. ವಾಕಿಂಗ್. ಗೆಳತಿಯರು. ಎಲ್ಲಕ್ಕಿಂತ ಮೇಲೆ, ‘ಸುಮ್ಮನೆ ಕೂರುವುದು, ದಿನಕ್ಕೆ ಅರ್ಧ ಗಂಟೆ’. ಆ ಅರ್ಧ ಗಂಟೆ ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಇವಳಿಗೆ ಸಾಯಲೂ ಪುರುಸೊತ್ತಿಲ್ಲ, ಮಹಾರಾಣಿ ಸುಮ್ಮನೆ ಬೇರೆ ಕೂರುತ್ತಾಳೆ! ಸಣ್ಣವಳು ಪೆನ್ನು ತೆಗೆದವಳೇ ನಿದ್ದೆ ಎಂಟೂವರೆ ಎಂದು ಬರೆದಳು. ವಾಕಿಂಗ್ ಜೊತೆಗೆ ವ್ಯಾಯಾಮ ಸೇರಿಸಿದಳು. ಸುಮ್ಮನೆ ಕೂರುವುದು, ಪೂರ್ತಿ ಒಂದು ಗಂಟೆ. ಬರೆಯುವಾಗ ಗಡುವಿನ ನೆನಪು ಬರಲೇ ಇಲ್ಲ.

ಮರುದಿನ ಗಡಿಯಾರದಮ್ಮ ಹಾಳೆ ಓದಿ ಕನ್ನಡಕ ತೆಗೆದರು. “ಭೇಷ್ ಕಣಮ್ಮ! ಇಷ್ಟು ಬಿಡುವಿರೋಳಿಗೆ ಹತ್ತು ದಿನ ಯಾಕೆ? ಸೋಮವಾರಾನೇ ಕೊಟ್ಬಿಡು.”

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದು ಆಗ ತಿಳಿಯಿತು. ಅಷ್ಟು ಸಾಲದೆಂಬಂತೆ, ಗಡುವು ಸಿಕ್ಕಿದ ಚೀಟಿ ಹಿಡಿದು ದೊಡ್ಡವಳೇ ಒಳಕೋಣೆಯಿಂದ ಹೊರಬಂದಳು. ಕಷ್ಟ ತೋರಿಸುವುದರಲ್ಲೂ ಅವಳೇ ಮೊದಲು! ಸಣ್ಣವಳಿಗೆ ತಡೆಯಲಾಗಲಿಲ್ಲ.

“ಎಂಟು ಗಂಟೆ ನಿದ್ದೆ ಮಾಡೋಳಿಗೆ ಹೇಗೆ ಕೊಟ್ರಿ? ಮೇಜಿನ ಮೇಲೆ ನಾನೇ ನೋಡಿದೀನಿ!”

ದೊಡ್ಡವಳ ಮುಖ ಕೆಂಪಾಯಿತು. “ಅದು ಎರಡನೇ ಹಾಳೆ ಕಣೇ. ಹೀಗಿದ್ರೆ ಚೆನ್ನಾಗಿರ್ತಿತ್ತು ಅಂತ ಬರೆಯೋದು. ಮೊದಲನೇದು ತುಂಬಿ ಕೊಟ್ಟೋರಿಗೆ ಕೊಡ್ತಾರೆ, ಮುಂದಿನ ಸಲ ತರೋಕೆ.”

“ನೀನು ಮೊದ್ಲೂ ಬಂದಿದ್ಯಾ?”

“ಹೋದ ವಾರ. ನಿಂಗೆ ಹೇಳೋಕೆ ನಾಚಿಕೆ ಆಯ್ತು.”

ಗಡಿಯಾರದಮ್ಮ ಸಣ್ಣವಳ ಮುಂದೆ ಹೊಸ ಹಾಳೆ ಇಟ್ಟರು. ಸಣ್ಣವಳು ತಲೆ ತಗ್ಗಿಸಿ ನಿಜ ಬರೆದಳು. ಬೇಕರಿ, ತರಗತಿ, ಬಸ್ಸು, ಬಟ್ಟೆ ಒಗೆಯುವುದು, ಐದು ಗಂಟೆಯ ನಿದ್ದೆ. ಆಕೆ ಕೂಡಿ ನೋಡಿದರು. ನೂರ ಐವತ್ತೇಳು.

“ಹನ್ನೊಂದು ಗಂಟೆ ಕಾಣ್ತಿಲ್ಲವಲ್ಲಮ್ಮ. ಎಲ್ಲಿ ಹೋಯ್ತು?”

ಎಲ್ಲಿ ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕ ತೆರೆದಿಟ್ಟು ಅಕ್ಕ ಎಷ್ಟನೇ ಪುಟದಲ್ಲಿದ್ದಾಳೆಂದು ಕದ್ದು ನೋಡುವುದು. ಮಲಗಿದ ಮೇಲೆ ಅವಳಿಗೆ ನಿದ್ದೆ ಬಂತೇ ಎಂದು ಕಿವಿಗೊಡುವುದು. ಅಮ್ಮ ಅಂದದ್ದನ್ನೇ ಮೆಲುಕು ಹಾಕುವುದು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ‘ಓದು’ ಎಂದು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಸುಳ್ಳಿಗೆ ವರ್ಷವೇ ಹೋಗುವುದರಲ್ಲಿತ್ತು, ಇನ್ನೊಂದಕ್ಕೆ ಧೈರ್ಯ ಬರಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತಿದ್ದರೂ ಬರೆದಳು: ‘ಅಕ್ಕನ ಮೇಲಿನ ಹೊಟ್ಟೆಕಿಚ್ಚು, ಹನ್ನೊಂದು ಗಂಟೆ’.

ಲೆಕ್ಕ ಸರಿಹೋಯಿತು. ಗಡಿಯಾರದಮ್ಮ ಮುದ್ರೆ ಒತ್ತಿದರು.

ಇಬ್ಬರೂ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಲ್ಲಿ ದೊಡ್ಡವಳು ನಿಂತಳು.

“ನಂದು ಒಂಬತ್ತು,” ಎಂದಳು, ಇವಳ ಮುಖ ನೋಡದೆ. “ಮೊದಲ್ನೇ ಹಾಳೇಲಿ ನಾನು ಅದನ್ನ ನಿದ್ದೆ ಅಂತ ಬರೆದೆ.”