ಬಾನೆಟ್ಟಿನ ಅಂಚು

ಕಾರಿನ ಬಣ್ಣ ಹೋಗಿದೆ ಎಂಬ ವೈಜನಾಥನ ರಗಳೆ ಇಂದು ನಿನ್ನೆಯದಲ್ಲ. ಬೆಳಿಗ್ಗೆ ಚಹಾದ ಜೊತೆ ಒಮ್ಮೆ, ರಾತ್ರಿ ಊಟದ ಜೊತೆ ಒಮ್ಮೆ, ದೇವರ ಪೂಜೆ ತಪ್ಪಿದರೂ ಈ ಮಾತು ತಪ್ಪುತ್ತಿರಲಿಲ್ಲ. ಅವನು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ಒಂದು ಕಾಲಕ್ಕೆ ಹಣ್ಣು ಮೆಣಸಿನಕಾಯಿಯಂತೆ ಕೆಂಪಗಿದ್ದ ಆ ಪುಟ್ಟ ಕಾರು ಹೈದರಾಬಾದಿನ ಲಿಂಗಂಪಲ್ಲಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತು, ಈಗ ಒಗೆದೊಗೆದು ಮಾಸಿದ ಸೀರೆಯ ಗುಲಾಬಿಗೆ ಬಂದಿತ್ತು. ಮೇಲೆ ಕೈಯಾಡಿಸಿದರೆ ಅಂಗೈಗೆ ಸುಣ್ಣದಂಥ ಪುಡಿ ಹತ್ತುತ್ತಿತ್ತು.

ಕಾರು ಮೊದಲು ಅವನ ಹೆಂಡತಿ ಶೋಭಾಳ ತಮ್ಮ ಬಂಡೆಪ್ಪನದು. ಗಚ್ಚಿಬೌಲಿಯ ಕಡೆ ಗಾಜಿನ ಕಟ್ಟಡಗಳು, ಅವುಗಳ ಬೆನ್ನಿಗೆ ಅಪಾರ್ಟ್‌ಮೆಂಟುಗಳು ಏಳತೊಡಗಿದ ಮೇಲೆ ಅಡುಗೆಮನೆಗಳಿಗೆ ಗ್ರಾನೈಟ್ ಕೂರಿಸುವ ಅವನ ಕೆಲಸಕ್ಕೆ ರೆಕ್ಕೆ ಬಂತು. ಅವನೊಂದು ವ್ಯಾನು ಕೊಂಡ. ಹಳೆಯ ಕಾರನ್ನು ಅಕ್ಕನ ಬಾಗಿಲಿಗೆ ತಂದು ನಿಲ್ಲಿಸಿದ್ದಲ್ಲದೆ, ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಅವಳಿಗೆ ಓಡಿಸುವುದನ್ನೂ ಕಲಿಸಿದ. ವೈಜನಾಥನಿಗೂ ಕಲಿಸಲು ನೋಡಿದ. ಭಾವ ಎರಡನೆಯ ದಿನವೇ ಒಂದು ಎಮ್ಮೆಯನ್ನು ಕಂಡು ಕಣ್ಣು ಮುಚ್ಚಿಕೊಂಡದ್ದರಿಂದ ಆ ಪಾಠ ಅಲ್ಲಿಗೇ ಮುಗಿಯಿತು.

ಶೋಭಾ ಮಾತ್ರ ಹಿಂದೆ ನೋಡಲಿಲ್ಲ. ಬೀದರ, ಕಲಬುರಗಿ, ರಾಯಚೂರಿನಿಂದ ಬಂದು ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಖಡಕ್ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮಾಡಿ ಮುಟ್ಟಿಸುವುದು ಅವಳ ಕಸುಬು. ಆಟೋದಲ್ಲಿ ಒಯ್ಯುತ್ತಿದ್ದ ಕಾಲದಲ್ಲಿ ಅರ್ಧ ರೊಟ್ಟಿ ದಾರಿಯಲ್ಲೇ ಪುಡಿಯಾಗಿ, ಗಿರಾಕಿಗಳು ನಗುತ್ತಲೇ ಬೇರೆ ಮೆಸ್ಸು ಹಿಡಿದಿದ್ದರು. ಕಾರು ಬಂದ ಮೇಲೆ ರೊಟ್ಟಿ ಇಡಿಯಾಗಿ ಮುಟ್ಟಿತು, ಹೋದವರು ಮರಳಿ ಬಂದರು. ಆ ಕಾರು ಹೋದರೆ ಕಸುಬೂ ಹೋದಂತೆಯೇ. ಅದು ಅವಳಿಗೂ ಗೊತ್ತು, ಅವಳ ಗಂಡನಿಗೂ ಗೊತ್ತು.

ದಿನಾ ಬೆಳಿಗ್ಗೆ ಅವಳು ಮೊದಲು ಗಂಡನನ್ನು ಸ್ಟೇಷನ್ನಿಗೆ ಬಿಟ್ಟು ಆಮೇಲೆ ರೊಟ್ಟಿಯ ದಾರಿ ಹಿಡಿಯುತ್ತಿದ್ದಳು. ಸಿಕಂದರಾಬಾದಿನ ಆಫೀಸಿಗೆ ಹೋಗುವ ಅವನ ಗೆಳೆಯರೆಲ್ಲ ಲೋಕಲ್ ರೈಲಿಗೆ ಕಾಯುತ್ತ ಸ್ಟೇಷನ್ನಿನ ಗೇಟಿನಲ್ಲೇ ಗುಂಪುಗೂಡಿ ನಿಲ್ಲುವರು. ವೈಜನಾಥ ಮಾತ್ರ ಒಂದು ದಿನವೂ ಗೇಟಿನ ತನಕ ಬಂದವನಲ್ಲ. ಇನ್ನೂ ಎರಡು ತಿರುವು ಇರುವಾಗಲೇ, ಹುಣಸೆಮರದ ಕೆಳಗಿನ ಇಡ್ಲಿ ಬಂಡಿಯ ಹತ್ತಿರ, "ಇಲ್ಲೇ ನಿಂದರಸು" ಎನ್ನುತ್ತಿದ್ದ. ಯಾಕೆಂದರೆ ಬಣ್ಣ. ಇಂಥ ಗಾಡಿಯಿಂದ ಮರ್ಯಾದಸ್ಥರ ಮುಂದೆ ಇಳಿಯುವುದು ಹೇಗೆ?

ಆ ವರ್ಷ ಹೈದರಾಬಾದಿನಲ್ಲಿ ಹಳೆಯದನ್ನು ಇಟ್ಟುಕೊಂಡರೆ ಪಾಪ ಬರುತ್ತದೆ ಎಂಬಂತಿತ್ತು. ಮೈದಾನ ಮೈದಾನಕ್ಕೆ ಹಳೆ ಗಾಡಿ ತೆಗೆದುಕೊಳ್ಳುವ ಮೇಳಗಳು. ಒಂದು ಶುಕ್ರವಾರ ಸಂಜೆ ವೈಜನಾಥ ಬಾಯಿಬಿಟ್ಟ.

"ಕೊಟ್ಟ ಬಿಡೋಣ. ಭಾಳ ಆತು."

"ಕೊಟ್ಟು? ಹೊಸಾದು ತರ್ತೀರೇನ್ರಿ?"

"ಅದು ಮುಂದ ನೋಡೋಣ."

ಶೋಭಾ ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಅವನ ಕಡೆ ತಿರುಗಿದಳು. "ಕಾರಿನ ತಪ್ಪೇನೈತಿ, ಅದನ್ನರ ಹೇಳ್ರಿ."

"ಬಣ್ಣ. ಕಣ್ಣಿಗೆ ಕಾಣ್ಸವಲ್ದೇನು?"

"ಬಣ್ಣ ಬಂದ್ರ?"

"ಸತ್ತ ಬಣ್ಣ ಎಲ್ಲಿಂದ ಬರ್ತೈತಿ?"

"ಬಂದ್ರ ಅಂದೆ."

"ಬಂದ್ರ ಇಟ್ಕೋ, ಯಾರ ಬ್ಯಾಡ ಅಂತಾರ?"

ಪಕ್ಕದ ಮನೆಯ ಗಂಗೂಬಾಯಿ ಬಿಸಿ ರೊಟ್ಟಿಗಾಗಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಶೋಭಾ ಅವಳಿಗೆ ರೊಟ್ಟಿ ಕೊಡುತ್ತ, "ಅಕ್ಕಾ, ಕೇಳಿದ್ರಲ್ಲ. ನಾಳಿ ಇವ್ರು ಮಾತ ತಿರುಗಿಸಿದ್ರ ನೀವ ಸಾಕ್ಷಿ" ಅಂದಳು. ಗಂಗೂಬಾಯಿಗೆ ಬೇಕಾದದ್ದೂ ಅಷ್ಟೇ. ಬೇರೆಯವರ ಮನೆಯ ಜಗಳಕ್ಕೆ ಸಾಕ್ಷಿ ನಿಲ್ಲುವುದೆಂದರೆ ಅವಳಿಗೆ ಹೋಳಿಗೆ ತಿಂದಷ್ಟು ಖುಷಿ.

ಶೋಭಾಳ ಧೈರ್ಯ ಬಾಯಿಮಾತಿನದಾಗಿರಲಿಲ್ಲ. ಅವಳು ಶಹಾಬಾದಿನ ಹೆಣ್ಣು. ಅಪ್ಪ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಮಿಸ್ತ್ರಿ. ಗಣಿಯಿಂದ ಬಂದ ಬೂದು ಕಲ್ಲು ಅಪ್ಪನ ಯಂತ್ರದ ಕೆಳಗೆ ಹೋಗಿ, ಮುಖ ಕಾಣುವ ಹಾಗೆ ಹೊಳೆದು ಬರುವುದನ್ನು ನೋಡುತ್ತಲೇ ಬೆಳೆದವಳು. ಹೊಳಪನ್ನು ಹೊರಗಿನಿಂದ ತಂದು ಹಚ್ಚುವುದಿಲ್ಲ, ಮೇಲಿನ ಸತ್ತದ್ದನ್ನು ತೆಗೆದರೆ ಅದು ಒಳಗೇ ಇರುತ್ತದೆ ಎನ್ನುವುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಕಲ್ಲಿಗೆ ನಿಜವಾದದ್ದು ಬಣ್ಣಕ್ಕೆ ಯಾಕೆ ನಿಜವಾಗಬಾರದು?

ಶನಿವಾರ ಬಂಡೆಪ್ಪ ಪಾಲಿಶ್ ಹಿಡಿಯುವ, ವೇಗ ಕಮ್ಮಿ ಜಾಸ್ತಿ ಮಾಡಬಹುದಾದ ಕೈ ಮಷೀನು ಕೊಟ್ಟ. ರಾಣಿಗಂಜಿನ ಅಂಗಡಿಗಳಿಂದ ಮೆತ್ತನೆಯ ಸ್ಪಂಜಿನ ಪ್ಯಾಡುಗಳು, ಒರಟಿನದೊಂದು ನಯದ್ದೊಂದು ಎರಡು ಡಬ್ಬಿ ಪಾಲಿಶು, ಮೇಲಿಂದ ಹಚ್ಚಲು ಮೇಣ, ಎಲ್ಲವನ್ನೂ ತಂದಿಟ್ಟ.

ಭಾನುವಾರ ಅವಳು ಕಾರನ್ನು ಗೋಡೆಯ ನೆರಳಿಗೆ ನಿಲ್ಲಿಸಿ, ಸೋಪು ನೀರಿನಿಂದ ತೊಳೆದು ಒರೆಸಿದಳು. ರಬ್ಬರಿನ ಪಟ್ಟಿಗಳ ಮೇಲೆ, ನಂಬರ್ ಪ್ಲೇಟಿನ ಮೇಲೆ ಕಾಗದದ ಟೇಪು ಅಂಟಿಸಿದಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ವೈಯರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಂಡಳು. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಬೊಟ್ಟು ಪಾಲಿಶ್ ಇಟ್ಟು, ಅದನ್ನು ಬಾನೆಟ್ಟಿಗೆ ಒತ್ತಿ ಹಿಡಿದೇ ಸ್ವಿಚ್ಚು ಹಾಕಿದಳು. ಗಾಳಿಯಲ್ಲಿ ಹಿಡಿದು ಹಾಕಿದರೆ ಪಾಲಿಶೆಲ್ಲ ಗಂಗೂಬಾಯಿಯ ಸೀರೆಗೆ ಸಿಡಿಯುತ್ತಿತ್ತು. ಅವಳು ಅಷ್ಟು ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದಳು.

ನಿಧಾನಕ್ಕೆ ಎಡದಿಂದ ಬಲಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಸ್ವಲ್ಪ ಹೊತ್ತಿಗೇ ಬಿಳಿಯ ಪ್ಯಾಡು ರಕ್ತಗೆಂಪಾಯಿತು.

ಪೇಪರು ಹಿಡಿದು ಹೊರಬಂದ ವೈಜನಾಥ ಅದನ್ನು ನೋಡಿ ಹೌಹಾರಿದ. "ಏ, ಬಣ್ಣನ ಕಿತ್ತ ಬರಾಕತ್ತೈತಲ್ಲ. ಇದ್ದಿದ್ದೂ ಹೋತು."

"ಹೋಗೂದ ಹೋಗ್ಲಿ ಬಿಡ್ರಿ. ಅದು ಸತ್ತಿದ್ದು."

ಅವನ ಹಳೆಯ ಬನಿಯನ್ನಿನ ತುಂಡಿನಿಂದ ಆ ಜಾಗವನ್ನು ಒರೆಸಿದಳು. ಗುಲಾಬಿ ಬಯಲಿನ ನಡುವೆ ಅಂಗೈಯಗಲದ ಅಪ್ಪಟ ಕೆಂಪು ಎದ್ದು ನಿಂತಿತು. ಅದರಲ್ಲಿ ಗೋಡೆ ಕಂಡಿತು, ಹಗ್ಗಕ್ಕೆ ಒಣಹಾಕಿದ ಬಟ್ಟೆ ಕಂಡಿತು, ಬಗ್ಗಿ ನೋಡುತ್ತಿದ್ದ ವೈಜನಾಥನ ಮೀಸೆಯೂ ಕಂಡಿತು. ಅವನು ಒಳಗೆ ಹೋಗಿ ಯಾರಿಗೋ ಫೋನು ಮಾಡಿ, ಅಂಗಿ ತೊಟ್ಟು ಹೊರಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಬಾನೆಟ್ಟಿನ ನಡುಭಾಗ, ಟಾಪು, ನಾಲ್ಕೂ ಬಾಗಿಲು, ಡಿಕ್ಕಿ ಎಲ್ಲ ಮುಗಿದವು. ಶೋಭಾಳ ಮನಸ್ಸು ಹಾಡುತ್ತಿತ್ತು. ಹಾಗೆ ಹಾಡುವಾಗಲೇ ಎಡವುವುದು. ಉಳಿದಿದ್ದು ಬಾನೆಟ್ಟಿನ ಮುಂದಿನ ಅಂಚು. ನಡುವನ್ನು ಯಾರಾದರೂ ಹೊಳೆಸುತ್ತಾರೆ, ಗಿರಾಕಿ ಮೊದಲು ಮುಟ್ಟಿ ನೋಡುವುದು ಅಂಚನ್ನು, ಅಲ್ಲಿ ಭಾರ ಹಾಕು ಎಂದು ಅಪ್ಪ ಕಲಿಸಿದ್ದ. ಅಪ್ಪನ ಮಾತಿನಂತೆ ಅವಳು ಮಷೀನನ್ನು ಓರೆ ಮಾಡಿ, ತೋಳಿನ ಭಾರವನ್ನೆಲ್ಲ ಅಂಚಿಗೆ ಕೊಟ್ಟಳು. ಒರೆಸಿ ನೋಡಿದರೆ ಕೆಂಪಿನ ನಡುವೆ ಬೆರಳುದ್ದದ ಬೂದು ಗೆರೆ. ಬಣ್ಣ ಪೂರ್ತಿ ಹೋಗಿ ಅದರ ಕೆಳಗೆ ಮೊದಲು ಬಳಿದಿದ್ದ ಅಸ್ತರು ಹಲ್ಲು ಕಿರಿಯುತ್ತಿತ್ತು.

ಅವಳು ಸ್ವಿಚ್ಚು ಆರಿಸಿದಳು. ಮಷೀನನ್ನು ಕೆಳಗಿಟ್ಟು ಆ ಗೆರೆಯ ಮೇಲೆ ಬೆರಳಾಡಿಸಿದಳು. ಎಲ್ಲಿ ತಪ್ಪಿದೆನೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫರಸಿ ಮೇಲಿಂದ ಕೆಳಗಿನವರೆಗೂ ಒಂದೇ ಕಲ್ಲು, ಎಷ್ಟು ತಿಕ್ಕಿದರೂ ಒಳಗೆ ಫರಸಿಯೇ ಸಿಗುತ್ತದೆ. ಕಾರಿನ ಕೆಂಪು ತಗಡಿನ ಮೇಲಿನ ತೊಗಲು. ಅಂಚಿನಲ್ಲಿ ಆ ತೊಗಲು ಇನ್ನೂ ತೆಳು. ಅಪ್ಪ ಹೇಳಿದ್ದು ಸುಳ್ಳಲ್ಲ, ಆದರೆ ಅಪ್ಪ ಹೇಳಿದ್ದು ಕಲ್ಲಿಗೆ.

ಗಂಗೂಬಾಯಿ ಸ್ಟೂಲಿನಿಂದ ಎದ್ದು ಬಂದು ನೋಡಿದಳು. "ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತಿ? ಅದರ ಮ್ಯಾಲ ಕುಂಕುಮ ಹಚ್ಚಿ ಎರಡು ಹೂವು ಇಡು. ಪೂಜಿ ಮಾಡ್ಯಾರ ಅಂತ ತಿಳೀತಾರ. ಯಾರೂ ಮುಟ್ಟಾಂಗಿಲ್ಲ."

ಶೋಭಾಳಿಗೆ ನಗು ಬಂತು. ನಗು ಬಂದದ್ದೇ ಧೈರ್ಯವೂ ಮರಳಿತು. "ನನ್ನ ಕೈ ತಪ್ಪಿದ್ದಕ್ಕ ದೇವರನ್ನ ಯಾಕ ಅಡ್ಡ ಹಿಡೀಲಿ ಅಕ್ಕಾ? ಇರ್ಲಿ ಬಿಡ್ರಿ. ಬೆರಳುದ್ದ ಹೋತು, ಕಾರುದ್ದ ಬಂತಲ್ಲ."

ಉಳಿದ ಅಂಚುಗಳಿಗೆ ಟೇಪು ಅಂಟಿಸಿ ಅವುಗಳ ತಂಟೆಗೆ ಹೋಗಲಿಲ್ಲ. ನಯದ ಪಾಲಿಶಿನಿಂದ ಇನ್ನೊಂದು ಸುತ್ತು ಹೊಡೆದು, ಮೇಣ ಹಚ್ಚಿ ಒರೆಸಿ, ಟೇಪು ಕಿತ್ತು ಹಿಂದೆ ಸರಿದು ನಿಂತಳು. ಸಂಜೆಯ ಬೆಳಕಿನಲ್ಲಿ ಕಾರು ಷೋರೂಮಿನಿಂದ ಈಗ ತಾನೇ ಇಳಿದಂತಿತ್ತು. ಅವಳಿಗೆ ತನ್ನ ಕೈಗಳ ಬಗ್ಗೆ ಹೆಮ್ಮೆಯೆನಿಸಿತು. ಆ ಹೆಮ್ಮೆಯನ್ನು ಅವಳು ಮುಚ್ಚಿಡಲೂ ಇಲ್ಲ.

ಅಷ್ಟರಲ್ಲಿ ವೈಜನಾಥ ಬಂದ. ಒಬ್ಬನೇ ಅಲ್ಲ, ಹಳೆ ಗಾಡಿಗಳ ವ್ಯಾಪಾರಿಯೊಬ್ಬನನ್ನು ಜೊತೆಗೇ ಕರೆತಂದಿದ್ದ. ಅಂದರೆ ಬೆಳಿಗ್ಗೆಯ ಫೋನು ಇವನಿಗೇ ಎಂದು ಶೋಭಾಳಿಗೆ ಹೊಳೆಯಿತು. ಅಂಗೈಯಗಲ ಬಣ್ಣ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಫೋನು ಮಾಡಿದ್ದ, ಆಸಾಮಿ.

ವ್ಯಾಪಾರಿ ಕಾರಿಗೆ ಒಂದು ಸುತ್ತು ಹಾಕಿದ. "ಕ್ಯಾ ಚಮಕ್‌ರೀ ಸಾಬ್, ಏಕ್‌ದಂ ನಯೀ ದಿಖ್‌ರೀ" ಎಂದು ಹೊಳಪಿಗೆ ತಲೆದೂಗಿ, ಫೋನಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆಂದ. ವೈಜನಾಥನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ನೋಡು, ನಿನ್ನ ಕೆಲಸಕ್ಕ ಬೆಲಿ ಬಂತು. ಈಗ ಕೊಡಾಕ ಛಲೋ ಟೈಮು" ಅಂದ.

"ಬಣ್ಣ ಬಂದ್ರ ಇಟ್ಕೋ ಅಂದಿದ್ರಿ."

"ಅದು ಮಾತಿಗೆ ಬಂದ ಮಾತು. ಹಿಂಗ ಕೇಳಾವ್ರು ಮತ್ತ ಸಿಗ್ತಾರೇನು?"

ಗಂಗೂಬಾಯಿ ಗಂಟಲು ಸರಿಮಾಡಿಕೊಂಡಳು. ಸಾಕ್ಷಿಯ ಕಡೆ ಯಾರೂ ನೋಡಲಿಲ್ಲ.

ಶೋಭಾ ವ್ಯಾಪಾರಿಯನ್ನು ಬಾನೆಟ್ಟಿನ ಹತ್ತಿರ ಕರೆದು ಬೂದು ಗೆರೆ ತೋರಿಸಿದಳು. ಇದು ನಾನು ಹೆಚ್ಚು ತಿಕ್ಕಿ ಬಣ್ಣ ಸುಟ್ಟ ಜಾಗ, ನೋಡಿಯೇ ಬೆಲೆ ಹೇಳಿ ಎಂದು ಹಿಂದಿಯಲ್ಲಿ ಹೇಳಿದಳು. ಅವನು ಬಗ್ಗಿ ನೋಡಿ, ಎಲ್ಲೋ ಗುದ್ದಿದ ಗಾಡಿ ಇರಬೇಕು, ಬಣ್ಣ ಬಳಿದು ಮುಚ್ಚಿದ್ದಾರೆ ಎಂದು ಅನುಮಾನಪಟ್ಟ. ಅವಳು ಕೆಂಪಾದ ಪ್ಯಾಡನ್ನು ತೋರಿಸಿದರೂ ನಂಬಲಿಲ್ಲ. ಬೆಲೆ ಧಡಕ್ಕನೆ ಅರ್ಧಕ್ಕೆ ಇಳಿಯಿತು.

"ನಡೀತೈತಿ" ಅಂದ ವೈಜನಾಥ. ಹಿಂದೆ ಮುಂದೆ ನೋಡದೆ ಅಂದ. "ಅಷ್ಟಕ್ಕ ಕೊಡೋಣ."

ಶೋಭಾ ಗಂಡನನ್ನೇ ನೋಡಿದಳು. ಬಣ್ಣ ಹೋಗಿದೆ ಅಂದ, ಬಣ್ಣ ಬಂತು. ಬೆಲೆ ಬಂತು ಅಂದ, ಬೆಲೆ ಬಿತ್ತು. ಆದರೂ ಕೊಡಬೇಕಂತೆ. ಹುಣಸೆಮರದ ಕೆಳಗಿನ ಆ ಇಳಿಯುವಿಕೆ ಈಗ ಅವಳಿಗೆ ಅರ್ಥವಾಯಿತು.

"ನಿಮ್ಗ ಬಣ್ಣದ ನಾಚ್ಕಿ ಅಲ್ಲ. ಹೌದಲ್ರಿ?"

ವೈಜನಾಥ ಚಪ್ಪಲಿ ನೋಡಿಕೊಂಡ. ವ್ಯಾಪಾರಿಗೆ ಕನ್ನಡ ಬಾರದೆಂಬ ಧೈರ್ಯದ ಮೇಲೆ ಸಣ್ಣ ದನಿಯಲ್ಲಿ ಹೇಳಿದ. "ಗೇಟಿನ್ಯಾಗ ಎಲ್ಲಾರೂ ನಿಂತಿರ್ತಾರ. ಒಮ್ಮೆ ಯಾರೋ ಪ್ಯಾಟ್ಯಾಗ ನಮ್ಮನ್ನ ನೋಡಿ ಅಲ್ಲಿ ಬಂದು ಅಂದ್ರು, ವೈಜನಾಥ ಸಾಬ್ರ ಮನ್ಯಾಗ ಸ್ಟೇರಿಂಗ ಯಾರ ಕೈಯಾಗೈತೋ ಅಂತ. ಎಲ್ಲಾರೂ ನಕ್ಕರು."

"ಅವ್ರು ನಕ್ಕದ್ದಕ್ಕ ನನ್ನ ರೊಟ್ಟಿ ಮುರೀತೀರಿ."

ಶೋಭಾ ಒಳಗಿನಿಂದ ಕೀಲಿ ತಂದು ಅವನ ಅಂಗೈಯಲ್ಲಿಟ್ಟಳು. ದನಿ ಏರಿಸಲಿಲ್ಲ.

"ಕೊಡ್ರಿ. ನಾ ಅಡ್ಡ ಬರಾಂಗಿಲ್ಲ. ಆದ್ರ ಬಣ್ಣದ ಮ್ಯಾಲ ತಪ್ಪ ಹಾಕಬ್ಯಾಡ್ರಿ, ಅದು ತನ್ನ ಮಾತ ಉಳಿಸಿಕೊಂಡೈತಿ. ನನ್ನ ಹೆಂಡ್ತಿ ಓಡಸ್ತಾಳು, ನನಗ ನಾಚ್ಕಿ ಆಗ್ತೈತಿ, ಅದಕ್ಕ ಮಾರಾಕತ್ತೀನಿ ಅಂತ ಈ ಮನಶ್ಯಾಗ ಅವನ ಭಾಷಾದಾಗ ಹೇಳ್ರಿ. ಹೇಳಿ ಕೀಲಿ ಕೊಡ್ರಿ."

ವೈಜನಾಥ ಕೀಲಿ ಹಿಡಿದು ನಿಂತ. ವ್ಯಾಪಾರಿ ಕೈ ಚಾಚಿದ. ವೈಜನಾಥ ಬಾಯಿ ತೆರೆದ, ಮುಚ್ಚಿದ. ಎದುರಿನ ಕೆಂಪು ಬಾಗಿಲಿನಲ್ಲಿ ಅವನೇ ಕಾಣುತ್ತಿದ್ದ, ಕೀಲಿ ಹಿಡಿದು ಬಾಯಿ ತೆರೆದವನು. ಅದನ್ನು ಅವನೂ ನೋಡಿದ.

"ಮಾಫ್ ಕರೋ ಭಾಯಿ," ಅಂದ ಕೊನೆಗೆ. "ನಹೀ ದೇನಾ ಹೈ."

ವ್ಯಾಪಾರಿ ಗೊಣಗುತ್ತ ಹೋದ. ವೈಜನಾಥ ಕೀಲಿಯನ್ನು ಬಾನೆಟ್ಟಿನ ಮೇಲಿಡಲು ಹೋಗಿ, ಗೀರು ಬಿದ್ದೀತೆಂದು ತಡೆದು, ಗೋಡೆಯ ಮೊಳೆಗೆ ಸಿಗಿಸಿ ಒಳಗೆ ನಡೆದ. ಆ ರಾತ್ರಿ ಊಟದ ಜೊತೆಗೆ ಬಣ್ಣದ ಮಾತು ಬರಲಿಲ್ಲ.

ಸೋಮವಾರ ಬೆಳಿಗ್ಗೆ ರೊಟ್ಟಿಯ ಬುಟ್ಟಿಗಳನ್ನು ಹಿಂದಿನ ಸೀಟಿನಲ್ಲಿ ಜೋಡಿಸಿ ಶೋಭಾ ಕಾರು ತೆಗೆದಳು. ವೈಜನಾಥ ಪಕ್ಕದಲ್ಲಿ ಟಿಫಿನ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತ. ಹುಣಸೆಮರ ಬಂತು. ರೂಢಿಯಂತೆ ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಕಾರು ನಿಂತಿತು.

ಅವನು ಇಳಿಯಲಿಲ್ಲ. ಇಡ್ಲಿ ಬಂಡಿಯ ಕಡೆ ನೋಡುತ್ತ ಕೇಳಿದ. "ಇಲ್ಲ್ಯಾಕ ನಿಂದರಿಸಿದಿ?"

"ದಿನಾ ಇಲ್ಲೇ ಅಲ್ರಿ?"

"ಮುಂದ ನಡಿ."

ಗೇಟಿನಲ್ಲಿ ಅವನ ಗೆಳೆಯರು ಎಂದಿನಂತೆ ನೆರೆದಿದ್ದರು. ಕೆಂಪು ಕಾರು ಬಂದು ಅವರ ಮುಂದೆಯೇ ನಿಂತಾಗ ಎಲ್ಲರೂ ತಿರುಗಿ ನೋಡಿದರು. ವೈಜನಾಥ ಇಳಿದ. ಕಿಟಕಿ ತೆರೆದೇ ಇದ್ದುದರಿಂದ ಶೋಭಾಳಿಗೆ ಎಲ್ಲ ಕೇಳುತ್ತಿತ್ತು. ಒಬ್ಬ ಹುಬ್ಬೇರಿಸಿ, ಹೊಸ ಗಾಡಿಯೇ ಎಂದು ಹಿಂದಿಯಲ್ಲಿ ಕೇಳಿದ.

"ಪುರಾನೀಚ್ ಹೈ," ಅಂದ ವೈಜನಾಥ. ಆಮೇಲೆ ಬಾನೆಟ್ಟಿನ ಮುಂದೆ ಹೋಗಿ, ಎಲ್ಲರೂ ನೋಡುವ ಹಾಗೆ, ಆ ಬೂದು ಗೆರೆಯ ಮೇಲೆ ಬೆರಳಿಟ್ಟ. "ಹಮಾರೇ ಘರ್‌ವಾಲೀ ನೇ ಚಮಕಾಯೀ. ಯಹಾಂ ಥೋಡಾ ಜಲ್ ಗಯಾ. ಚಲಾತೀ ಭೀ ವಹೀಚ್ ಹೈ." ಹೊಳಪು ತಂದವಳೂ ಹೆಂಡತಿ, ಇಲ್ಲಿ ಸುಟ್ಟವಳೂ ಅವಳೇ, ಓಡಿಸುವವಳೂ ಅವಳೇ ಎಂದು ಎಲ್ಲರೆದುರು ಹೇಳಿಬಿಟ್ಟ.

ಯಾರೋ ನಕ್ಕರು. ಅವನು ಬೆರಳು ತೆಗೆಯಲಿಲ್ಲ. ರೈಲಿನ ಸದ್ದು ಕೇಳಿದ ಮೇಲೆಯೇ ಗುಂಪಿನೊಂದಿಗೆ ಒಳಗೆ ಹೋದ. ಶೋಭಾ ಕಣ್ಣೊರೆಸಿಕೊಂಡು ಕಾರನ್ನು ಗಚ್ಚಿಬೌಲಿಯ ಕಡೆ ತಿರುಗಿಸಿದಳು. ಹಿಂದೆ ರೊಟ್ಟಿಗಳು ಅಲುಗಲಿಲ್ಲ.