ಒಂಟಿ ಹುಟ್ಟಿನ ಅಂಬಿಗ

ಮಂಜಿಗೆ ಬಣ್ಣವೇ ಇಲ್ಲ, ಬರೀ ಹಾಳೆ, ಬಳಿಯದೆ ಬಿಟ್ಟ ಹಾಳೆ — ಕಿಟಕಿಯ ಬೆಳಕು ಮೇಜಿನ ಮೇಲೆ ಓರೆಯಾಗಿ ಬಿದ್ದಾಗಷ್ಟೇ ಗೊತ್ತಾಗುತ್ತದೆ, ನೂರೈವತ್ತು ವರ್ಷದ ಹಿಂದೆ ಯಾರೋ ನೀರುಬಣ್ಣದಲ್ಲಿ ಕಾಡು ಬಳಿದು ನದಿ ಬಳಿದು ಮಂಜನ್ನು ಸುಮ್ಮನೆ ಬಿಟ್ಟಿದ್ದಾರೆ, ನಾನು ಒದ್ದೆ ಬ್ರಷ್ ಹಿಡಿದು ಬೂಷ್ಟಿನ ಚುಕ್ಕೆಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದೇನೆ, ಹದಿನೇಳು ಹೋದವು, ಉಳಿದದ್ದು ಒಂದು, ನದಿ ತಿರುಗುವಲ್ಲಿ, ಕಂದು ದೋಣಿ. ದೋಣಿಯಲ್ಲ ಕಣೇ, ಅದೂ ಕಲೆಯೇ, ಅಂತಾರೆ ಕೆಲಸ ಕಲಿಸುವ ಮೇಡಂ ಹಿಂದಿನಿಂದ ಬಗ್ಗಿ, ಮೂವತ್ತು ವರ್ಷ ಹಳೇ ಕಾಗದ ತೊಳೆದ ಕಣ್ಣು ಅವರದು, ನಿಮ್ಮ ಸೋದರಮಾವ ಚೀಟೀಲಿ ಬರೆದುಕೊಟ್ಟಿದಾರಲ್ಲ, ಒಂದು ಕಲೆಯೂ ಉಳೀಬಾರದು ಅಂತ, ಸಂಜೆ ಬರ್ತಾರೆ, ಮುಗಿಸು — ಮುಗಿಸಿದರೆ ಅಂಬಿಗನೇ ಮುಗಿದ, ಅಜ್ಜಿಯ ಮಂಚದೆದುರು ತೂಗುತ್ತಿದ್ದ ಚಿತ್ರ, ಅಜ್ಜಿಯ ತೋಳ ಮೇಲೆ ನನ್ನ ತಲೆ, ಅಗೋ ನೋಡು ಮಗಾ ಒಂಟಿ ಹುಟ್ಟಿನ ಅಂಬಿಗ, ಇನ್ನೊಂದು ಹುಟ್ಟು ಎಲ್ಲಜ್ಜಿ, ಮೊಸಳೆ ಹಲ್ಲುಕಡ್ಡಿಗೆ ಬೇಕು ಅಂತ ಇಸ್ಕೊಂಡು ಹೋಯ್ತು, ಯಾವಾಗ ವಾಪಸ್ ಕೊಡತ್ತೆ, ನೀನು ಹಾಲು ಕುಡಿದ ಮೇಲೆ — ಎಷ್ಟು ಹಾಲು ಕುಡಿದೆನೋ, ಮೊನ್ನೆ ಫೋನಿನಲ್ಲೂ ಅಜ್ಜಿಗೆ ಅವನದೇ ಮಾತು, ಗೋಡೆ ಬೋಳುಬೋಳಾಗಿದೆ ಕಣೇ, ಅಂಬಿಗ ಹುಷಾರಾಗಿದ್ದಾನಾ, ತೊಳೆದು ಗಿಳೆದು ಮುಳುಗಿಸಿಬಿಟ್ಟೀಯ, ಅಂದು ನಕ್ಕಳು, ನಕ್ಕು ಮತ್ತೆ ಕೇಳಿದಳು, ಹುಷಾರಾಗಿದ್ದಾನಾ.

ಭೂತಕನ್ನಡಿ ಇಳಿಸುತ್ತೇನೆ, ಬೂಷ್ಟಿಗೆ ಅಂಚಿರುವುದಿಲ್ಲ, ಇದಕ್ಕಿದೆ, ಕಡುಕಂದು ಅಂಚು, ಹನಿ ಚೆಲ್ಲಿ ಒಣಗಿದ ಅಂಚು, ಚಹಾ — ಆಗಿನ್ನೂ ಗಾಜು ಹಾಕಿಸಿರಲಿಲ್ಲವಂತೆ, ತಾತನ ಮುದ್ದಿನ ಚಿತ್ರ, ಯಾರೂ ಮುಟ್ಟುವ ಹಾಗಿಲ್ಲ, ತಾತನ ಸಿಟ್ಟು ಬೀದಿಗೆಲ್ಲ ಗೊತ್ತು, ಮದುವೆಯಾಗಿ ಬಂದ ಹತ್ತೊಂಬತ್ತರ ಹುಡುಗಿ ಅಜ್ಜಿ, ಕೈಯಲ್ಲಿ ಲೋಟ, ಅಯ್ಯೋ, ಇದೇನೇ ಇದು ಅಂದಿರಬೇಕು ತಾತ, ದೋಣಿ ಅಲ್ವಾ, ಮೊದಲಿಂದ್ಲೂ ಇತ್ತಲ್ಲ, ಅಂದಿರಬೇಕು ಅವಳು — ಆಡಿದ ಆ ಒಂದು ಮಾತನ್ನು ಉಳಿಸಿಕೊಳ್ಳಲು ಐವತ್ತೆಂಟು ವರ್ಷ ಕಥೆ ಹೇಳಿದಳೇ, ಮೊಸಳೆಯನ್ನೂ ಸಾಕಿದಳೇ, ಮೇಡಂ, ಇದು ಬೂಷ್ಟಲ್ಲ, ಹರಡಲ್ಲ, ಅನ್ನುತ್ತೇನೆ, ಹರಡದಿದ್ರೂ ಮಾವಂಗೆ ಉತ್ತರ ಹೇಳೋಳು ನೀನೇ, ಅಂತಾರೆ, ಬ್ರಷ್ಷಿನ ತುದಿಯಲ್ಲಿ ನೀರು ತುಂಬಿ ನಿಂತಿದೆ, ಇಳಿಯಲೋ ಬೇಡವೋ ಅನ್ನುತ್ತಾ, ಕೆಳಗೆ ದೋಣಿ, ದೋಣಿಯಿಂದ ಓರೆಯಾಗಿ ಎಳೆದ ಮಸುಕು ಹುಟ್ಟು — ಬ್ರಷ್ಷಿನ ಗೆರೆಯಲ್ಲ, ತುದಿಯಲ್ಲಿ ಸಣ್ಣ ಸಣ್ಣ ಸುರುಳಿ, ಬೆರಳಚ್ಚು, ಒರೆಸಲು ಹೋಗಿ ಅರ್ಧಕ್ಕೇ ನಿಂತ ಅವಳ ಬೆರಳು — ಬ್ರಷ್ಷನ್ನು ಬ್ಲಾಟಿಂಗ್ ಪೇಪರಿಗೆ ಒತ್ತುತ್ತೇನೆ, ನೀರೆಲ್ಲ ಅದೇ ಕುಡಿಯಲಿ, ಮಾವನ ಚೀಟಿಯಲ್ಲಿ ಬರೆಯುತ್ತೇನೆ, ಕಲೆಗಳನ್ನೆಲ್ಲ ತೆಗೆದಿದೆ, ದೋಣಿ ಮೊದಲಿಂದಲೂ ಇತ್ತು, ಹೌದು ಮಾವ, ಮೊದಲಿಂದ್ಲೂ ಇತ್ತಲ್ಲ — ಮಂಜು, ನದಿ ತಿರುಗುವಲ್ಲಿ ದೋಣಿ, ಒಂಟಿ ಹುಟ್ಟು, ಆ ಬೆರಳು