ಹಿಂದಿನ ಸೀಟಿನ ಕಿವಿಯಣ್ಣ

ನನ್ನ ಗೆಳೆಯ ಯಾವ ಕಾರಿನ ಪರಿಚಯವನ್ನೂ ಮುಂದಿನ ಬಾಗಿಲಿನಿಂದ ಮಾಡಿಕೊಂಡವನಲ್ಲ. ಸ್ಟೀರಿಯೊ ಕೆಟ್ಟಿದೆ ಎಂದು ಯಾರಾದರೂ ಗಾಡಿ ತಂದು ಅವನ ಅಂಗಡಿಯ ಮುಂದೆ ನಿಲ್ಲಿಸಿದರೆ, ಮಿಕ್ಕ ರಿಪೇರಿಯವರಂತೆ ಮುಂದೆ ತೂರಿಕೊಂಡು ಗುಂಡಿಗಳನ್ನು ಒತ್ತದೆ, ಚಪ್ಪಲಿ ಹೊರಗೆ ಬಿಟ್ಟು, ಹಿಂದಿನ ಸೀಟಿನ ನಟ್ಟನಡುವೆ, ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಹಾಗೆ ಮಂಡಿಯ ಮೇಲೆ ಕೈಯಿಟ್ಟು ಕೂರುತ್ತಿದ್ದ. ಗಾಡಿಯವರು ದೂರು ಹೇಳಲು ಬಾಯಿ ತೆರೆದರೆ ಒಂದೇ ಮಾತು: "ಇರಲಿ, ಮೊದಲು ಕೇಳೋಣ." ಎಂಜಿನ್ ಆರಿಸಿ ಒಂದು ಸಲ, ಚಾಲೂ ಮಾಡಿ ಇನ್ನೊಂದು ಸಲ ಕಣ್ಣುಮುಚ್ಚಿ ಕೇಳಿದ ಮೇಲೆಯೇ ಸ್ಕ್ರೂಡ್ರೈವರ್ ಜೇಬಿನಿಂದ ಹೊರಬರುತ್ತಿತ್ತು. ಬೀದಿಯೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿತ್ತು. ಹೋದ ವರ್ಷ, ಅಂಗಡಿಯಲ್ಲಿ ನಿಂತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದು, ಅವನು ತೀರಿಕೊಂಡ.

ಜೇಬುಗಳಿಂದಲೇ ಹೊಲಿದಂತಿದ್ದ ಕಂದು ಕೋಟೊಂದು ಬೇಸಗೆಯಲ್ಲೂ ಅವನ ಮೈಮೇಲಿರುತ್ತಿತ್ತು. ಅವನು ಬಾಗಿದಾಗ ಅದರ ಲೋಹದ ಗುಂಡಿಗಳು ಗಾಡಿಯ ಬಣ್ಣ ಗೀರುತ್ತವೆಂದು ಅವನ್ನು ಕಿತ್ತು ಬಟ್ಟೆಯ ಗುಂಡಿ ಕೂರಿಸಿದವಳು ಅವನ ಹೆಂಡತಿ. ಅದೇ ಅಂಗಡಿಯ ಇನ್ನೊಂದು ಬದಿಯಲ್ಲಿ ಅವಳ ಹೊಲಿಗೆ ಯಂತ್ರವಿತ್ತು. ಅವಳು ಸೀಟ್ ಕವರ್ ಹೊಲಿಯುತ್ತಿದ್ದಳು. ಅವನು ನಡೆಯುತ್ತಿದ್ದದ್ದು ಒಂದು ಭುಜ ಇಳಿಬಿಟ್ಟು, ಕೈ ಖಾಲಿಯಿದ್ದಾಗಲೂ ಭಾರದ ಸ್ಪೀಕರ್ ಪೆಟ್ಟಿಗೆ ಹೊತ್ತವನಂತೆ.

ಅವನ ಶಾಸ್ತ್ರ ಸರಳವಾದದ್ದು. ಎಂಜಿನ್ ವೇಗ ಏರಿದ ಹಾಗೆ ಹಾಡಿನ ಹಿಂದೆ ಒಂದು ಕುಂಯ್‌ಗುಟ್ಟುವಿಕೆ ಏರಿದರೆ ಅವನು ಸೆಟ್ಟನ್ನು ಮುಟ್ಟುತ್ತಲೇ ಇರಲಿಲ್ಲ. ಕಾರ್ಪೆಟ್ ಎತ್ತಿ, ಅರ್ಥ್ ವೈರು ಗಾಡಿಯ ಮೈಗೆ ಕೂತಿರುವ ತಿರುಪು ಬಿಚ್ಚಿ, ಅಡಿಯ ಬಣ್ಣವನ್ನು ತಗಡು ಬೆಳ್ಳಗೆ ಕಾಣುವವರೆಗೆ ಕೆರೆದು ಮತ್ತೆ ಬಿಗಿಯುತ್ತಿದ್ದ. "ಬಣ್ಣದ ಮೇಲೆ ಕೂತ ವೈರು, ಹೊಸಿಲಲ್ಲೇ ನಿಂತು ಮಾತಾಡ್ಸಿ ಹೋಗೋ ನೆಂಟನ ಥರ," ಎನ್ನುತ್ತಿದ್ದ, "ಒಳಗೆ ಬರಬೇಕು." ಒಮ್ಮೆ ಬೋಳುತಲೆಯ ಮೇಷ್ಟ್ರೊಬ್ಬರು, ಹೊಸ ಸ್ಪೀಕರ್ ಹಾಕಿಸಿದರೂ ಬಾಗಿಲು ಗರಗರ ಎನ್ನುತ್ತದೆಂದು ತಮ್ಮ ಹಳೆಯ ಕಾರನ್ನು ತಂದರು. ಬಾಗಿಲಿನ ಹೊದಿಕೆ ಬಿಚ್ಚಿದರೆ ಒಳಗೆ ಬಿದ್ದಿದ್ದದ್ದು ಒಂದು ಬಾಚಣಿಗೆ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಂದೇ ಕಣಯ್ಯ, ಕೂದಲಿದ್ದ ಕಾಲದ್ದು," ಎಂದು ಜೇಬಿಗಿಳಿಸಿದರು. ಅಂಗಡಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಮೇಷ್ಟ್ರು.

ದೋಷ ಎಲ್ಲಿದೆಯೆಂದು ತಿಳಿಯದಾಗ ಅವನದು ಇನ್ನೊಂದು ಉಪಾಯ, ಅದಲುಬದಲು. ಬಲಗಡೆಯ ಸ್ಪೀಕರನ್ನು ಎಡಕ್ಕೆ ಹಾಕು. ದೋಷವೂ ಜೊತೆಗೆ ಎಡಕ್ಕೆ ಬಂದರೆ ಕೆಟ್ಟಿರುವುದು ಅದೇ. ಅಲ್ಲೇ ಉಳಿದರೆ ಬೇರೇನನ್ನೋ ಬದಲಿಸಿ ನೋಡು.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲೇ ಇದ್ದೆ. ಬಟ್ಟೆ ವ್ಯಾಪಾರಿಯೊಬ್ಬರ ಕಾರು. ಫ್ಯೂಸ್ ಸಡಿಲವಾಗಿ ಹಾಡು ನಿಂತು ನಿಂತು ಬರುತ್ತಿತ್ತು. ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಯಾಯಿತು. ಆದರೆ ಹಿಂದಿನ ಸೀಟಿನಲ್ಲಿ ಕೂತಿದ್ದ ಇವನು ಏಳಲಿಲ್ಲ. "ಬಲಗಡೆ ದನಿ ಕುಂದಿದೆ," ಎಂದ.

"ಬರುವಾಗ ಎರಡೂ ಕಡೆ ಚೆನ್ನಾಗೇ ಇತ್ತಲ್ಲ?" ವ್ಯಾಪಾರಿ ಗಾಬರಿಯಾದರು.

"ನಿಮಗೆ ಅಭ್ಯಾಸ ಆಗಿಹೋಗಿದೆ, ಸ್ವಾಮಿ."

ಸ್ಪೀಕರುಗಳನ್ನು ಅದಲುಬದಲು ಮಾಡಿದ. ಬಲಗಡೆಯೇ ಕುಂದು. ಸೆಟ್ಟಿನ ಹಿಂದಿನ ವೈರುಗಳನ್ನು ಎಡಬಲ ಬದಲಿಸಿದ. ಆಗಲೂ ಬಲಗಡೆಯೇ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೆಂಡತಿ ಅಂದಳು: "ಎರಡೂ ಒಂದೇ ಸಮ ಹಾಡ್ತಿದೆ ಅಲ್ರೀ. ಕಾರಿನ ಮಾತೆಲ್ಲ ಕೇಳುತ್ತೆ, ಮನೆ ಮಾತಿಗೆ ಮಾತ್ರ ನಿಮ್ಮ ಫ್ಯೂಸ್ ಹೋಗಿರುತ್ತೆ. ಬೆಳಗಿಂದ ಎಷ್ಟು ಸಲ ಕೂಗಿದೀನಿ!"

ಅವನು ಅವಳನ್ನೇ ನೋಡಿದ. ಅವಳ ಯಂತ್ರ ಇದ್ದದ್ದು ಅವನ ಕೆಲಸದ ಮೇಜಿನ ಬಲಕ್ಕೆ. ಮತ್ತೆ ಕಾರಿನೊಳಗೆ ಹೋಗಿ, ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿನ ಕಡೆ ಮುಖ ಮಾಡಿ ಕೂತು ಕಣ್ಣುಮುಚ್ಚಿದ. ಹಾಗೆ ತಿರುಗಿದವನಿಗೆ ಕಾರಿನ ಎಡಬದಿ ಬಲಗಿವಿಯ ಕಡೆಗೆ ಬಂದಿತ್ತು. ಕೆಳಗಿಳಿದವನು ಒಂದೊಂದೇ ತಿರುಪು ಬಿಗಿದು, ಬಾಗಿಲಿನ ಹೊದಿಕೆ ಕೂರಿಸಿ, ವ್ಯಾಪಾರಿಗೆ ಹೇಳಿದ: "ಗಾಡಿ ಚೆನ್ನಾಗಿದೆ, ಸ್ವಾಮಿ. ತೊಗೊಂಡು ಹೋಗಿ."

ಕಾರು ಹೋದ ಮೇಲೆ ನನ್ನ ಕಡೆ ತಿರುಗಿದ. "ಅದಲುಬದಲು ಮಾಡದೆ ಉಳಿದಿದ್ದ ಭಾಗ ನಾನೊಬ್ಬನೇ ಕಣೋ. ನಾನು ತಿರುಗಿದೆ, ಕುಂದೂ ತಿರುಗ್ತು."

ಯಂತ್ರದ ಸದ್ದು ನಿಂತಿತು. ಕಿವಿಯಿಂದಲೇ ಅನ್ನ ತಿನ್ನುವವನ ಬಲಗಿವಿ ಹೋಗುತ್ತಿದೆ ಎಂಬುದು ಆಗ ಮೂವರಿಗೂ ಒಟ್ಟಿಗೇ ತಿಳಿಯಿತು.

ಡಾಕ್ಟರ ಬಳಿಯಿಂದ ಬಂದವನು ನಗಲು ನೋಡಿದ: "ಸ್ಪೀಕರ್ ಚೆನ್ನಾಗಿದೆಯಂತೆ, ಒಳಗಿನ ವೈರು ಹೋಗಿದೆಯಂತೆ. ಅಂಗಡಿಯಲ್ಲಿ ಸಿಗಲ್ಲ." ಕೆಲವು ದಿನ ಅಂಗಡಿಯ ಬಾಗಿಲನ್ನು ಅರ್ಧವೇ ಎತ್ತಿದ. ಬಂದವರನ್ನು ಬೇರೆ ಬೀದಿಗೆ ಕಳಿಸಿದ. "ಅರ್ಧ ಕೇಳಿ ಪೂರ್ತಿ ಕೇಳಿದೆ ಅಂತ ಹೇಗೆ ಹೇಳಲಿ?" ಎನ್ನುತ್ತಿದ್ದ. ಇದಕ್ಕೆ ಉತ್ತರ ಕೊಟ್ಟವಳು ಹೆಂಡತಿಯೇ. ಒಂದು ಬೆಳಿಗ್ಗೆ ಯಾರದೋ ಕಾರು ಬಂದು ನಿಂತಾಗ, ಅವನು ಏನಾದರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟು ಹಿಂದಿನ ಸೀಟಿನ ಬಲಗಡೆ ಹೋಗಿ ಕೂತು, "ಬನ್ನಿ, ಆ ಕಡೆ ನೀವು ಕೇಳಿ, ಈ ಕಡೆ ನಾನು ಕೇಳ್ತೀನಿ," ಎಂದಳು. ಅಂದಿನಿಂದ ಇಬ್ಬರೂ ಜೊತೆಗೇ ಕೂರತೊಡಗಿದರು. ಗಂಡಹೆಂಡತಿ ಗಾಡಿಯೊಳಗೆ ಸವಾರಿ ಹೊರಟವರಂತೆ ಕೂತು, ಗಾಡಿ ಮಾತ್ರ ನಿಂತಲ್ಲೇ ನಿಂತಿರುವುದನ್ನು ಕಂಡು ಬೀದಿ ನಗುತ್ತಿತ್ತು. "ಇಬ್ಬರಿಗೂ ಸೇರಿ ಮೂರು ಕಿವಿ. ನಿಮಗೆ ಎರಡೇ," ಎಂದು ಅವನು ತಿರುಗಿಸಿ ಅನ್ನುತ್ತಿದ್ದ. ನನ್ನ ಜೊತೆ ನಡೆಯುವಾಗ ಮಾತ್ರ, ಯಾವತ್ತೂ ಹೇಳದೆ, ನನ್ನ ಬಲಕ್ಕೆ ಬಂದು ನನ್ನನ್ನು ತನ್ನ ಎಡಕ್ಕೆ ಹಾಕಿಕೊಳ್ಳುತ್ತಿದ್ದ. ಈಗ ಒಬ್ಬನೇ ನಡೆಯುವಾಗಲೂ ನಾನು ರಸ್ತೆಯಲ್ಲಿ ಬಲಕ್ಕೆ ಒಂದಿಷ್ಟು ಜಾಗ ಬಿಡುತ್ತೇನೆ.

ನನ್ನ ಕಾರಿನಲ್ಲಿ ಅದೇ ಕುಂಯ್‌ಗುಟ್ಟುವ ಸದ್ದು ಶುರುವಾಗಿತ್ತು. "ಬರೋ ವಾರ ತಾ," ಎಂದಿದ್ದ; ಆ ವಾರ ಅವನೇ ಇರಲಿಲ್ಲ. ಮೊನ್ನೆ ಮನಸ್ಸು ಗಟ್ಟಿಮಾಡಿಕೊಂಡು ಅಂಗಡಿಗೆ ತೆಗೆದುಕೊಂಡು ಹೋದೆ. ಅವನ ಹೆಂಡತಿ ಕತ್ತರಿ ಕೆಳಗಿಟ್ಟು ಅವನ ಆ ಕಂದು ಕೋಟು ತೊಟ್ಟುಕೊಂಡಳು; ತೋಳು ಉದ್ದವಾಗಿ ಎರಡು ಮಡಿಕೆ ಮಡಚಿದ್ದಳು. ಚಪ್ಪಲಿ ಬಿಟ್ಟು ಹಿಂದೆ ಕೂತು, "ಇರಲಿ, ಮೊದಲು ಕೇಳೋಣ. ಎಂಜಿನ್ ಸ್ವಲ್ಪ ಏರ್ಸಿ ಅಣ್ಣ," ಎಂದಳು. ಕಾರ್ಪೆಟ್ ಎತ್ತಿದಳು, ತಿರುಪು ಬಿಚ್ಚಿದಳು, ಬಣ್ಣ ಕೆರೆದಳು. ಸದ್ದು ಹೋಯಿತು.

ಆಮೇಲೆ ಮತ್ತೆ ಒಳಗೆ ಹೋಗಿ, ನಡುವೆ ಕೂರದೆ ಬಲಗಡೆಯೇ ಕೂತಳು. "ಅಣ್ಣ, ನೀವು ಎಡಗಡೆ ಬನ್ನಿ. ಆ ಕಡೆದು ನಾನು ಯಾವತ್ತೂ ಕೇಳಿಲ್ಲ."

ಚಪ್ಪಲಿ ಬಿಟ್ಟು ಕೂತೆ. ಹಾಡು ಬಂತು.

"ಹೇಗಿದೆ?"

"ಚೆನ್ನಾಗಿದೆಯಮ್ಮ."

"ಇನ್ನೊಂದು ಸಲ ಕೇಳಿ ಹೇಳಿ. ಅವರು ಇಷ್ಟು ಬೇಗ ಒಪ್ತಿರಲಿಲ್ಲ."

ಕಣ್ಣುಮುಚ್ಚಿ ಇನ್ನೊಂದು ಸಲ ಕೇಳಿದೆ.

ಕೆಟ್ಟದ್ದು ಎಲ್ಲಿದೆಯೆಂದು ಹುಡುಕುವವರು ಲೋಕದ ತುಂಬ ಇದ್ದಾರೆ. ನಾನೂ ಆ ಗುಂಪಿನವನೇ. ಎಲ್ಲವನ್ನೂ ಬದಲಿಸಿ ನೋಡಿ ಮುಗಿದ ಮೇಲೆ, ಉಳಿದವನು ತಾನೊಬ್ಬನೇ ಎಂದು ಕಂಡಾಗ, ಸೀಟಿನ ಮೇಲೆ ತಿರುಗಿ ಕೂತು ತನ್ನನ್ನೂ ಪರೀಕ್ಷೆಗೆ ಒಡ್ಡಿಕೊಳ್ಳುವವರು ಅಪರೂಪ. ಅಂಥವರು ತಮ್ಮ ಕುಂದನ್ನು ಮುಚ್ಚಿಡುವುದಿಲ್ಲವಾದ್ದರಿಂದ ಅವರ ಪಕ್ಕದಲ್ಲಿ ಇನ್ನೊಬ್ಬರು ಕೂರಲು ಜಾಗವಾಗುತ್ತದೆ. ಹಾಗೆ ಕೂತವರಿಗೆ, ಅವರು ಎದ್ದುಹೋದ ಮೇಲೂ, ಕೇಳುವುದು ಬಂದಿರುತ್ತದೆ.